ಕಾಲು ಉಳಿದ ಹುಡುಗ ಕಾನೂನು ತಂದ ಕಥೆ

ಆಸ್ಪತ್ರೆ ಬಿಲ್ಲಿಗಾಗಿ ಹೊಲ ಅಡವಿಟ್ಟವರು, ಮನೆಯಾಕೆಯ ಸರ ಬಿಚ್ಚಿಸಿ ಗಿರವಿ ಅಂಗಡಿಗೆ ಓಡಿದವರು ನಮ್ಮ ಜಿಲ್ಲೆಯ ಯಾವ ಊರಲ್ಲಿಲ್ಲ ಹೇಳಿ? ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಒಂದು ಆಪರೇಷನ್ನಿನ ಕಥೆ, ಅದರ ಹಿಂದೆಯೇ ಒಂದು ಸಾಲದ ಕಥೆ ಕಿವಿಗೆ ಬೀಳುತ್ತದೆ. ಕಾರ್ಡ್ ಇದೆಯಾ, ಕಾರ್ಡ್ ಇಲ್ಲಿ ನಡೆಯುತ್ತಾ, ಈ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅನ್ನೋದೇ ಮಾತು.

ಈ ಅಂಕಣ ಚರಂಡಿ, ನಲ್ಲಿ ನೀರು, ಸಂತೆ ಸುಂಕ ಬಿಟ್ಟು ಆಚೆ ಹೋಗುವುದು ಕಡಿಮೆ. ಇವತ್ತು ಮಾತ್ರ ಬಹಳ ದೂರ ಹೋಗಬೇಕು. ಕೆನಡಾ ದೇಶದ ನಡುವೆ ಸಸ್ಕ್ಯಾಚುವಾನ್ ಅಂತ ಒಂದು ಪ್ರಾಂತ್ಯವಿದೆ. ಪ್ರಾಂತ್ಯ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ. ಅದಕ್ಕೆ ಅದರದೇ ಶಾಸನ ಸಭೆ, ಅದರದೇ ಮುಖ್ಯಮಂತ್ರಿ. ವಿಸ್ತಾರದಲ್ಲಿ ಕರ್ನಾಟಕದ ಮೂರರಷ್ಟಕ್ಕಿಂತ ದೊಡ್ಡದು. ಆದರೆ ನಾವು ಹೇಳುವ ಕಾಲದಲ್ಲಿ ಅಲ್ಲಿದ್ದ ಜನ ಸುಮಾರು 9 ಲಕ್ಷ, ಅಷ್ಟೇ. ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ, ಮೈ ಮರಗಟ್ಟಿಸುವ ಚಳಿ, ಹತ್ತಾರು ಮೈಲಿಗೊಂದು ಊರು. ದುಡ್ಡಿಲ್ಲದ ಆ ರೈತರ ರಾಜ್ಯ ಇಡೀ ದೇಶಕ್ಕೆ ಮೊದಲು ಒಂದು ಕಾನೂನು ಮಾಡಿತು. ಮಾಡಿಸಿದವನು ಟಾಮಿ ಡಗ್ಲಸ್ ಎಂಬ ಕುಳ್ಳ ಮನುಷ್ಯ. 1986ರಲ್ಲಿ ತೀರಿಕೊಂಡ. ಅವನ ಬದುಕನ್ನು ಒಮ್ಮೆ ನೋಡಿದರೆ ನಮ್ಮ ಕಾರ್ಡಿನ ಕಥೆಯೂ ಸ್ವಲ್ಪ ಅರ್ಥವಾದೀತು.

ಪುಕ್ಕಟೆ ಉಳಿದ ಕಾಲು

ಡಗ್ಲಸ್ ಹುಟ್ಟಿದ್ದು 1904ರ ಅಕ್ಟೋಬರ್ 20ರಂದು, ಸ್ಕಾಟ್ಲೆಂಡಿನ ಫಾಲ್ಕರ್ಕಿನಲ್ಲಿ. ಅಪ್ಪ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆ ಕೆಲಸಗಾರ. ಹುಡುಗ ಚಿಕ್ಕವನಿದ್ದಾಗ ಬಿದ್ದು ಬಲ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಪೆಟ್ಟು ಮೂಳೆಗಿಳಿದು ಕೀವಾಯಿತು. ಆಪರೇಷನ್ ಮೇಲೆ ಆಪರೇಷನ್ ಆದರೂ ವಾಸಿಯಾಗಲಿಲ್ಲ.

ಸಂಸಾರ ಹೊಟ್ಟೆಪಾಡಿಗೆ ಕೆನಡಾದ ವಿನಿಪೆಗ್ ಪಟ್ಟಣಕ್ಕೆ ಹೋಯಿತು. ಅಲ್ಲಿ ಕಾಲಿನ ನೋವು ಮತ್ತೆ ಎದ್ದಿತು. ಬಡವರ ವಾರ್ಡಿನಲ್ಲಿ ಮಲಗಿಸಿದರು. ಕಾಲು ತೆಗೆಯುವುದೇ ದಾರಿ ಅಂದರು ಡಾಕ್ಟರುಗಳು. ತಜ್ಞರ ಹತ್ತಿರ ಹೋಗೋಣ ಅಂದರೆ ಅಪ್ಪನ ಕೈಯಲ್ಲಿ ಕಾಸಿಲ್ಲ. ಅಷ್ಟರಲ್ಲಿ ಹೆಸರಾದ ಮೂಳೆ ಡಾಕ್ಟರೊಬ್ಬ ಆ ವಾರ್ಡಿಗೆ ಬಂದ. ಹುಡುಗನ ಕಾಲು ನೋಡಿದ. ತನ್ನ ವಿದ್ಯಾರ್ಥಿಗಳು ನಿಂತು ನೋಡಿ ಕಲಿಯುವುದಕ್ಕೆ ಅಪ್ಪ ಅಮ್ಮ ಒಪ್ಪಿದರೆ ಪುಕ್ಕಟೆಯಾಗಿ ಆಪರೇಷನ್ ಮಾಡುವುದಾಗಿ ಹೇಳಿದ. ಒಪ್ಪದೆ ಏನು ಮಾಡುತ್ತಾರೆ? ಆಪರೇಷನ್ ಆಯಿತು, ಕಾಲು ಉಳಿಯಿತು.

ಇಂಥ ಉಪಕಾರ ಆದ ಮೇಲೆ ಜನ ಏನು ಮಾಡುತ್ತಾರೆ? ಆ ಡಾಕ್ಟರನ್ನು ದೇವರು ಅಂತಾರೆ, ಫೋಟೋ ಹಾಕಿಕೊಳ್ಳುತ್ತಾರೆ. ಡಗ್ಲಸ್‌ಗೂ ಆ ಡಾಕ್ಟರ ಮೇಲೆ ಗೌರವ ಕೊನೆಯವರೆಗೂ ಇತ್ತು. ಆದರೆ ದೊಡ್ಡವನಾದ ಮೇಲೆ ಅವನ ತಲೆ ಕೊರೆದದ್ದು ಬೇರೆ ಪ್ರಶ್ನೆ. ಡಾಕ್ಟರು ಆ ದಿನ ಆ ವಾರ್ಡಿಗೆ ಬಾರದೇ ಇದ್ದಿದ್ದರೆ? ಪಕ್ಕದ ಹಾಸಿಗೆಯ ಹುಡುಗನ ಗತಿ ಏನು? ಒಂದು ಮಗುವಿನ ಕಾಲು ಯಾರದೋ ದಯೆ ಮೇಲೆ, ಅದೃಷ್ಟದ ಮೇಲೆ ನಿಲ್ಲಬೇಕೇ? ಅವನ ಮುಂದಿನ ರಾಜಕೀಯವೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿತು ಅಂದರೆ ತಪ್ಪಿಲ್ಲ. ಅವನೇ ಅದನ್ನು ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದ.

ಬಾಕ್ಸಿಂಗ್, ಅಚ್ಚುಕೂಟ, ಪಾದ್ರಿಗಿರಿ

ಕತ್ತರಿಸಬೇಕಾಗಿದ್ದ ಆ ಕಾಲಿನ ಮೇಲೆ ನಿಂತು ಈತ ಬಾಕ್ಸಿಂಗ್ ಆಡಿದ. ಆಡಿದ್ದಷ್ಟೇ ಅಲ್ಲ, 1922ರಲ್ಲಿ ಮ್ಯಾನಿಟೋಬ ಪ್ರಾಂತ್ಯದ ಲೈಟ್‌ವೇಟ್ ಚಾಂಪಿಯನ್ ಆದ. ಮೂಗು ಮುರಿಯಿತು. ಮರುವರ್ಷ ಮತ್ತೆ ಅವನೇ ಚಾಂಪಿಯನ್. ಮುಂದೆ ಶಾಸನ ಸಭೆಯಲ್ಲಿ ಎದುರಾಳಿಗಳ ಏಟು ತಡೆದುಕೊಳ್ಳುವುದಕ್ಕೆ ಈ ಅಭ್ಯಾಸ ಚೆನ್ನಾಗಿ ಒದಗಿತು.

ಹೊಟ್ಟೆಪಾಡಿಗೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. 1919ರಲ್ಲಿ ವಿನಿಪೆಗ್‌ನಲ್ಲಿ ಕಾರ್ಮಿಕರ ಭಾರಿ ಮುಷ್ಕರ ನಡೆದು ಪೊಲೀಸರು ಗುಂಡು ಹಾರಿಸಿದರು. ಈ ಹುಡುಗ ಅದನ್ನು ಕಟ್ಟಡವೊಂದರ ಮಾಳಿಗೆ ಮೇಲಿಂದ ಕಣ್ಣಾರೆ ಕಂಡ. ಆಮೇಲೆ ಬ್ರ್ಯಾಂಡನ್ ಕಾಲೇಜು, ಆಮೇಲೆ ಪಾದ್ರಿ ಕೆಲಸ. 1930ರಲ್ಲಿ ಅರ್ಮಾ ಎಂಬಾಕೆಯನ್ನು ಮದುವೆಯಾಗಿ ಸಸ್ಕ್ಯಾಚುವಾನಿನ ವೇಬರ್ನ್ ಊರಿನ ಚರ್ಚಿಗೆ ಬಂದ.

ಬಂದ ಕಾಲವೇ ಕೆಟ್ಟದ್ದು. ಒಂದು ಕಡೆ ಜಗತ್ತಿನ ಆರ್ಥಿಕ ಕುಸಿತ, ಇನ್ನೊಂದು ಕಡೆ ಬರಗಾಲ. ಗೋಧಿಗೆ ಬೆಲೆಯಿಲ್ಲ, ಆಮೇಲೆ ಗೋಧಿಯೇ ಇಲ್ಲ. ಧೂಳಿನ ಬಿರುಗಾಳಿಗೆ ಹೊಲದ ಮೇಲ್ಮಣ್ಣು ಹಾರಿಹೋಯಿತು. ರೈತರು ಡಾಕ್ಟರ ಫೀಜಿಗೆ ಕೋಳಿ, ಆಲೂಗಡ್ಡೆ ಕೊಡುತ್ತಿದ್ದರು. ಡಾಕ್ಟರೂ ಬಡವನೇ ಆದ. ಕೊಡುವುದಕ್ಕೆ ಏನೂ ಇಲ್ಲದವರು ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದವರನ್ನು, ಸಣ್ಣ ಮಕ್ಕಳ ತಂದೆಯರನ್ನು, ಪಾದ್ರಿ ಡಗ್ಲಸ್ ತನ್ನ ಕೈಯಾರೆ ಮಣ್ಣು ಮಾಡಿದ. ಸತ್ತವರಿಗೆ ಪ್ರಾರ್ಥನೆ ಹೇಳುವುದರಿಂದ ಇದು ಮುಗಿಯುವ ಕೆಲಸವಲ್ಲ ಅನ್ನಿಸಿತು.

ಇಲ್ಲೊಂದು ಕಪ್ಪು ಚುಕ್ಕೆಯನ್ನೂ ಹೇಳಿಬಿಡಬೇಕು. 1933ರಲ್ಲಿ ಎಂ.ಎ. ಪದವಿಗೆ ಬರೆದ ಪ್ರಬಂಧದಲ್ಲಿ ಈತ, ಬುದ್ಧಿಮಾಂದ್ಯರಿಗೆ ಸಂತಾನಹರಣ ಮಾಡಿಸಬೇಕು ಎಂಬ ಆ ಕಾಲದ ಕ್ರೂರ ವಾದವನ್ನು ಒಪ್ಪಿ ಬರೆದಿದ್ದ. ಆಗ ಅದು ಓದಿದವರ ನಡುವೆ ಫ್ಯಾಷನ್ನಾಗಿತ್ತು. ಆಮೇಲೆ ಆ ವಾದ ಬಿಟ್ಟ. ಅಧಿಕಾರ ಕೈಗೆ ಬಂದಾಗ ಅಂಥ ಸಲಹೆಗಳು ಮೇಜಿನ ಮೇಲೆ ಬಂದರೂ ತಳ್ಳಿಹಾಕಿದ. ಬರೆದದ್ದು ಬರೆದದ್ದೇ, ಅಳಿಸಲಾಗದು. ಮಾಡದೆ ಬಿಟ್ಟದ್ದೂ ಲೆಕ್ಕಕ್ಕೆ ಸೇರಬೇಕು.

ಇಲಿಗಳ ರಾಜ್ಯ

1932ರಲ್ಲಿ ರೈತರು, ಕಾರ್ಮಿಕರು, ಸಮಾಜವಾದಿಗಳು ಸೇರಿ ಸಿ.ಸಿ.ಎಫ್. ಎಂಬ ಹೊಸ ಪಕ್ಷ ಕಟ್ಟಿದರು. ಡಗ್ಲಸ್ ಅದಕ್ಕೆ ಸೇರಿದ. 1935ರಲ್ಲಿ ಗೆದ್ದು ದೆಹಲಿಯಂಥ ಅವರ ಆಟವಾಕ್ಕೆ, ಪಾರ್ಲಿಮೆಂಟಿಗೆ ಹೋದ.

ಮಾತುಗಾರ ಅಂದರೆ ಮಾತುಗಾರ. ನಗಿಸದೆ ಭಾಷಣ ಮಾಡಿದವನಲ್ಲ. ಹಳ್ಳಿ ಸಭೆಯಲ್ಲಿ ವೇದಿಕೆ ಇಲ್ಲದೆ ಗೊಬ್ಬರ ಎರಚುವ ಗಾಡಿ ಹತ್ತಿ ನಿಂತು, ಎದುರು ಪಕ್ಷದ ವೇದಿಕೆ ಮೇಲೆ ನಿಂತು ಮಾತಾಡುವ ಭಾಗ್ಯ ಇದೇ ಮೊದಲ ಸಲ ಸಿಕ್ಕಿತು ಅಂತ ನಗಿಸಿದನಂತೆ. ಇಲಿಗಳ ರಾಜ್ಯದ ಕಥೆಯನ್ನಂತೂ ಊರೂರಲ್ಲಿ ಹೇಳಿದ. ಇಲಿಗಳು ಪ್ರತಿ ಚುನಾವಣೆಯಲ್ಲೂ ಕಪ್ಪು ಬೆಕ್ಕನ್ನೋ ಬಿಳಿ ಬೆಕ್ಕನ್ನೋ ಆರಿಸಿ ಕಳಿಸುತ್ತವೆ, ಬೆಕ್ಕುಗಳು ಬೆಕ್ಕುಗಳಿಗೆ ಅನುಕೂಲವಾದ ಕಾನೂನು ಮಾಡುತ್ತವೆ, ಇಲಿಯನ್ನೇ ಯಾಕೆ ಆರಿಸಬಾರದು ಅಂತ ಕೇಳಿದ ಇಲಿಯನ್ನು ಜೈಲಿಗೆ ಹಾಕುತ್ತಾರೆ. ಕಥೆ ಅವನ ಗೆಳೆಯನದ್ದು, ಹೆಸರಾದದ್ದು ಇವನ ಬಾಯಲ್ಲಿ. ನಮ್ಮ ಚುನಾವಣಾ ಸಭೆಗಳಿಗೂ ಒಪ್ಪುವ ಕಥೆ ಅನ್ನಿ.

1944ರ ಜೂನ್ 15ರಂದು ಸಸ್ಕ್ಯಾಚುವಾನಿನ ಇಲಿಗಳು ತಮ್ಮವರನ್ನೇ ಆರಿಸಿದವು. 52 ಸ್ಥಾನಗಳಲ್ಲಿ 47 ಸಿ.ಸಿ.ಎಫ್. ಪಾಲಾಯಿತು. ಡಗ್ಲಸ್ ಮುಖ್ಯಮಂತ್ರಿ. ಒಳ್ಳೆ ಖಾತೆ ಯಾರಿಗೆ ಅಂತ ಕಿತ್ತಾಟ ನಡೆಯುವ ಹೊತ್ತಿನಲ್ಲಿ ಅವನು ಆರೋಗ್ಯ ಖಾತೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮುಖ್ಯಮಂತ್ರಿಯೇ ಆರೋಗ್ಯ ಮಂತ್ರಿ ಆದರೆ ಫೈಲು ಎಲ್ಲಿ ನಿಲ್ಲುತ್ತದೆ?

ಒಬ್ಬನೇ ತಜ್ಞ, ಎರಡು ವರದಿ

ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಹೆನ್ರಿ ಸಿಗರಿಸ್ಟ್ ಎಂಬ ಪಂಡಿತನನ್ನು ಕರೆಸಿದ. ಸಿಗರಿಸ್ಟ್ ಪ್ರಾಂತ್ಯ ಸುತ್ತಿ 1944ರಲ್ಲೇ ವರದಿ ಕೊಟ್ಟ.

ಈ ಸಿಗರಿಸ್ಟ್ ನಮಗೂ ಬೇಕಾದವನೇ. ಅದೇ 1944ರಲ್ಲಿ ಅವನು ಭಾರತಕ್ಕೂ ಬಂದ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಆರೋಗ್ಯ ಸಮಿತಿಗೆ ಸಲಹೆ ಕೊಡಲು ಕರೆಸಿಕೊಂಡ ವಿದೇಶಿ ತಜ್ಞರಲ್ಲಿ ಅವನೂ ಒಬ್ಬ. ಕಾಸಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ 1946ರಲ್ಲಿ ಹೇಳಿತು. ನಮ್ಮ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲ ಆ ವರದಿಯಲ್ಲೇ ಇದೆ. ಆದರೆ ಆ ಒಂದು ಮಾತು ಕಾನೂನಾಗಲಿಲ್ಲ. ಗೋಧಿ ಹೊಲದವರು ಅದನ್ನೇ ಕಾನೂನು ಮಾಡಿದರು. ವ್ಯತ್ಯಾಸ ಇಷ್ಟೇ, ಆದರೆ ಇದು ಬಹಳ ದೊಡ್ಡ ವ್ಯತ್ಯಾಸ.

ಐದು ಡಾಲರಿನ ಕಾರ್ಡು

ಡಗ್ಲಸ್ ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಲಿಲ್ಲ. ಅಂಗಡಿ ಇಟ್ಟವನಿಗೆ ಗೊತ್ತಿರುವ ಬುದ್ಧಿ ಇದು: ಬಂಡವಾಳ ಇದ್ದಷ್ಟೇ ಸರಕು ತರಬೇಕು. ಮೊದಲು ಕ್ಯಾನ್ಸರ್ ಚಿಕಿತ್ಸೆ ಎಲ್ಲರಿಗೂ ಉಚಿತ ಅಂತ 1944ರಲ್ಲೇ ಕಾನೂನು. 1945ರ ಜನವರಿ 1ರಿಂದ ಪಿಂಚಣಿ ತಿನ್ನುವ ಮುದುಕರಿಗೆ, ವಿಧವೆಯರಿಗೆ, ಕುರುಡರಿಗೆ ಉಚಿತ ಚಿಕಿತ್ಸೆ. 1946ರಲ್ಲಿ ದೂರದ ಹಳ್ಳಿಗಳಿಂದ ರೋಗಿಗಳನ್ನು ಎತ್ತಿ ತರಲು ಸರ್ಕಾರಿ ವಿಮಾನದ ಆಂಬುಲೆನ್ಸ್. ಹಿಮದಲ್ಲಿ ರಸ್ತೆ ಮುಚ್ಚಿಹೋಗುವ ನಾಡಿನಲ್ಲಿ ಅದು ಶೋಕಿಯಲ್ಲ, ಜೀವದ ಮಾತು.

ಅದೇ 1946ರಲ್ಲಿ ಆಸ್ಪತ್ರೆ ವಿಮೆಯ ಕಾನೂನು ಪಾಸಾಯಿತು. 1947ರ ಜನವರಿ 1ರಿಂದ ಜಾರಿ. ಲೆಕ್ಕ ಸರಳ. ತಲೆಗೆ ವರ್ಷಕ್ಕೆ 5 ಡಾಲರ್. ಸಂಸಾರ ಎಷ್ಟೇ ದೊಡ್ಡದಿರಲಿ, 30 ಡಾಲರಿಗಿಂತ ಹೆಚ್ಚು ಕೊಡಬೇಕಾಗಿಲ್ಲ. ಉಳಿದದ್ದು ಸರ್ಕಾರದ ತೆರಿಗೆ ಹಣದಿಂದ. ಕಾರ್ಡ್ ತೋರಿಸಿ ಆಸ್ಪತ್ರೆ ಸೇರಿದರೆ ಸಾಮಾನ್ಯ ವಾರ್ಡಿನ ಖರ್ಚಿಗೆ ಬಿಲ್ಲಿಲ್ಲ. ಕಂತು ಕಟ್ಟುವುದು ಕಡ್ಡಾಯ, ಬೇಕಾದವರು ಬೇಡವಾದವರು ಅನ್ನುವ ಆಯ್ಕೆಯಿಲ್ಲ. ಯಾಕೆ ಕಡ್ಡಾಯ? ಆರೋಗ್ಯವಂತರು ಹೊರಗೆ ನಿಂತು ರೋಗಿಗಳು ಮಾತ್ರ ಒಳಗೆ ಬಂದರೆ ಯಾವ ವಿಮೆಯೂ ಬದುಕುವುದಿಲ್ಲ. ನಮ್ಮ ಚೀಟಿ ವ್ಯವಹಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಕಟ್ಟಿದರೇ ಚೀಟಿ.

ಇದು ಡಗ್ಲಸ್ ತಲೆಯಿಂದ ಮಾತ್ರ ಹುಟ್ಟಿದ್ದೂ ಅಲ್ಲ. 1915ರ ಸುಮಾರಿಗೇ ಸಾರ್ನಿಯಾ ಎಂಬ ಗ್ರಾಮಾಂತರ ಪಂಚಾಯಿತಿ, ಡಾಕ್ಟರು ಊರು ಬಿಟ್ಟು ಹೋಗದಂತೆ ಪಂಚಾಯಿತಿ ತೆರಿಗೆಯಿಂದಲೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಹೀಗೆ ಮಾಡಲು 1916ರಲ್ಲಿ ಪ್ರಾಂತ್ಯದ ಕಾನೂನೇ ಅನುಮತಿ ಕೊಟ್ಟಿತು. ಹಲವು ಪಂಚಾಯಿತಿಗಳು ಒಟ್ಟುಗೂಡಿ ಆಸ್ಪತ್ರೆ ಕಟ್ಟಿಕೊಂಡವು. ಸ್ವಿಫ್ಟ್ ಕರೆಂಟ್ ಎಂಬ ಪ್ರದೇಶದ ಜನ ಮತ ಹಾಕಿ ಒಪ್ಪಿ, 1946ರ ಜುಲೈನಿಂದ ಡಾಕ್ಟರು, ಆಸ್ಪತ್ರೆ ಎರಡನ್ನೂ ತೆರಿಗೆಯಿಂದ ನಡೆಸಿ ತೋರಿಸಿದರು. ಡಗ್ಲಸ್ ಮಾಡಿದ್ದು ಊರವರು ನೆಟ್ಟ ಗಿಡಕ್ಕೆ ಬೇಲಿ ಹಾಕಿ ಮರ ಮಾಡಿದ ಕೆಲಸ.

ಲಾಭ ಯಾರಿಗಾಯಿತು? ರೋಗಿಗೆ ಆಯಿತು, ಸರಿ. ಆಸ್ಪತ್ರೆಗೂ ಆಯಿತು. ವಸೂಲಾಗದ ಬಾಕಿಯ ಪುಸ್ತಕ ಹಿಡಿದು ಕೂರುವುದು ತಪ್ಪಿತು. ಅಂಗಡಿಯವನಿಗೂ ಆಯಿತು. ಗಿರಾಕಿ ಆಸ್ಪತ್ರೆ ಸಾಲಕ್ಕೆ ಬಿದ್ದರೆ ಮೊದಲು ನಿಲ್ಲುವುದು ದಿನಸಿ ಅಂಗಡಿಯ ಬಾಕಿ ತಾನೇ?

ಬಸ್ ಪ್ರಯಾಣಿಕರಿಗೊಂದು ಮಾತು. 1946ರಲ್ಲೇ ಡಗ್ಲಸ್ ಸರ್ಕಾರ ಸರ್ಕಾರಿ ಬಸ್ ಕಂಪನಿ ಶುರು ಮಾಡಿತು. ಹಳ್ಳಿಯ ರೋಗಿ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಿ ಬರುತ್ತಿದ್ದದ್ದು ಆ ಬಸ್ಸಿನಲ್ಲೇ. 70 ವರ್ಷ ಓಡಿದ ಆ ಬಸ್ಸುಗಳನ್ನು ನಷ್ಟದ ಹೆಸರಿನಲ್ಲಿ 2017ರಲ್ಲಿ ನಿಲ್ಲಿಸಿದರು. ಆಸ್ಪತ್ರೆಯ ಹಕ್ಕು ಉಳಿಯಿತು, ಆಸ್ಪತ್ರೆಗೆ ಹೋಗುವ ಬಸ್ಸು ಹೋಯಿತು. ಎರಡೂ ಬೇಕು ಅನ್ನುವುದು ಹಳ್ಳಿಯವರಿಗೆ ಮಾತ್ರ ಗೊತ್ತು.

23 ದಿನಗಳ ಬೀಗ

ಆಸ್ಪತ್ರೆ ಖರ್ಚು ತೀರಿತು. ಡಾಕ್ಟರ ಫೀಜು ಉಳಿದಿತ್ತು. ಅದಕ್ಕೆ ಹಣ ಎಲ್ಲಿ? 1957ರಲ್ಲಿ ಕೇಂದ್ರ ಸರ್ಕಾರ ಪ್ರಾಂತ್ಯಗಳ ಆಸ್ಪತ್ರೆ ವಿಮೆಯ ಖರ್ಚಿನಲ್ಲಿ ಹೆಚ್ಚು ಕಡಿಮೆ ಅರ್ಧ ಕೊಡುವ ಕಾನೂನು ಮಾಡಿತು. ಹತ್ತು ವರ್ಷ ಒಬ್ಬನೇ ಹೊತ್ತ ಭಾರ ಹಗುರಾಯಿತು. ಉಳಿದ ಹಣಕ್ಕೆ ಡಗ್ಲಸ್ ಹೊಸ ಕೆಲಸ ಹುಡುಕಿದ. 1959ರ ಡಿಸೆಂಬರಿನಲ್ಲಿ ರೇಡಿಯೋದಲ್ಲಿ ಮಾತಾಡಿ, ಡಾಕ್ಟರ ಚಿಕಿತ್ಸೆಯೂ ಇನ್ನು ವಿಮೆಯೊಳಗೆ ಬರುತ್ತದೆ ಅಂತ ಸಾರಿದ.

ಡಾಕ್ಟರುಗಳು ಸಿಡಿದೆದ್ದರು. ಇವರನ್ನೆಲ್ಲ ದುರಾಸೆಯವರು ಅಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಸರ್ಕಾರ ನಮ್ಮ ಯಜಮಾನ ಆಗುತ್ತದೆ, ರೋಗಿಗೂ ನಮಗೂ ನಡುವೆ ಗುಮಾಸ್ತ ಬಂದು ಕೂರುತ್ತಾನೆ ಅನ್ನುವ ಭಯ ಪ್ರಾಮಾಣಿಕವಾಗಿಯೇ ಹಲವರಿಗಿತ್ತು. ಆದರೆ ವಿರೋಧದ ಧಾಟಿ ಮಾತ್ರ ಮಿತಿ ಮೀರಿತು. 1960ರ ಚುನಾವಣೆಯಲ್ಲಿ ಡಾಕ್ಟರುಗಳೇ ಹಣ ಕೂಡಿಸಿ ಪ್ರಚಾರಕ್ಕಿಳಿದರು, ಡಾಕ್ಟರೆಲ್ಲ ಊರು ಬಿಟ್ಟು ಹೋಗುತ್ತಾರೆ ಅಂತ ಹೆದರಿಸಿದರು. ಜನ ಹೆದರಲಿಲ್ಲ. ಡಗ್ಲಸ್ ಐದನೇ ಸಲ ಗೆದ್ದ. 1961ರ ನವೆಂಬರಿನಲ್ಲಿ ಕಾನೂನು ಪಾಸಾಯಿತು. ಕಂತು ಒಬ್ಬರಿಗೆ ವರ್ಷಕ್ಕೆ 12 ಡಾಲರ್, ಸಂಸಾರಕ್ಕೆ 24. ಮಿಕ್ಕದ್ದಕ್ಕೆ ತೆರಿಗೆ ಏರಿಸಿದರು. ಮುಚ್ಚಿಟ್ಟು ಏರಿಸಲಿಲ್ಲ, ಹೇಳಿಯೇ ಏರಿಸಿದರು.

ಆ ಹೊತ್ತಿಗೆ ಡಗ್ಲಸ್ ಮುಖ್ಯಮಂತ್ರಿ ಪದವಿ ಬಿಟ್ಟಿದ್ದ. ಹಳೆ ಪಕ್ಷ ಕಾರ್ಮಿಕ ಸಂಘಗಳೊಂದಿಗೆ ಸೇರಿ ನ್ಯೂ ಡೆಮಾಕ್ರಟಿಕ್ ಪಾರ್ಟಿ ಆಗಿತ್ತು, ಅದರ ರಾಷ್ಟ್ರ ನಾಯಕನಾಗಿ ಆಟವಾಕ್ಕೆ ಹೊರಟ. ಕಾನೂನು ಜಾರಿಗೆ ತರುವ ಮುಳ್ಳಿನ ಹಾಸಿಗೆ ವುಡ್ರೋ ಲಾಯ್ಡ್ ಎಂಬ ಮೆಲುಮಾತಿನ ಮಾಜಿ ಮೇಷ್ಟ್ರ ಪಾಲಿಗೆ ಬಂತು. ಡಗ್ಲಸ್‌ನ ಹೆಸರು ಎಲ್ಲರಿಗೂ ಗೊತ್ತು, ಈ ಲಾಯ್ಡ್ ಹೆಸರು ಹೊರಗೆ ಗೊತ್ತಿರುವುದು ಕಡಿಮೆ. ಅದೂ ಅನ್ಯಾಯವೇ.

1962ರ ಜುಲೈ 1ರಂದು ಕಾನೂನು ಜಾರಿಯಾಯಿತು. ಅದೇ ದಿನ ಪ್ರಾಂತ್ಯದ ಬಹುಪಾಲು ಡಾಕ್ಟರುಗಳು ದವಾಖಾನೆಗಳಿಗೆ ಬೀಗ ಹಾಕಿದರು. ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತು ಚಿಕಿತ್ಸೆ. ಮೊದಲ ದಿನವೇ, ಒಂಬತ್ತು ತಿಂಗಳ ಕೂಸೊಂದನ್ನು ಕಾರಿನಲ್ಲಿ ಹಾಕಿಕೊಂಡು ಅಪ್ಪ ಅಮ್ಮ ಊರಿಂದೂರಿಗೆ ಡಾಕ್ಟರನ್ನು ಹುಡುಕುತ್ತ ಹೋಗುವಾಗ ದಾರಿಯಲ್ಲೇ ಕೂಸು ತೀರಿಕೊಂಡಿತು. ದೇಶವಿದೇಶದ ಪತ್ರಿಕೆಯವರು ಬಂದಿಳಿದರು.

ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ವಿಮಾನದಲ್ಲಿ ಕರೆಸಿತು. ಜನ ತಾವೇ ಹಣ ಹಾಕಿ ಸಮುದಾಯದ ದವಾಖಾನೆಗಳನ್ನು ತೆರೆದರು. ಡಾಕ್ಟರುಗಳ ಪರ ನಿಂತವರು ಜುಲೈ 11ರಂದು ರಾಜಧಾನಿ ರೆಜೈನಾದಲ್ಲಿ ಭಾರಿ ಸಭೆ ಕರೆದರು. ಹತ್ತಾರು ಸಾವಿರ ಜನ ಬರುತ್ತಾರೆ ಅಂತ ಡಂಗುರ. ಬಂದವರು ಸುಮಾರು ನಾಲ್ಕೈದು ಸಾವಿರ. ಅಲ್ಲಿಗೆ ಗಾಳಿ ತಿರುಗಿತು. ಬ್ರಿಟನ್ನಿನ ಲಾರ್ಡ್ ಟೇಲರ್, ಅವನೂ ಡಾಕ್ಟರೇ, ಇಬ್ಬರ ನಡುವೆ ಓಡಾಡಿ ಜುಲೈ 23ರಂದು ಸಸ್ಕಟೂನಿನಲ್ಲಿ ರಾಜಿ ಮಾಡಿಸಿದ. ಡಾಕ್ಟರುಗಳಿಗೆ ಕೆಲವು ವಿನಾಯಿತಿ ಸಿಕ್ಕಿತು. ಸರ್ಕಾರಿ ನೌಕರರಾಗಬೇಕಾಗಿಲ್ಲ ಅನ್ನುವುದು ಖಾತ್ರಿಯಾಯಿತು. ಕಾನೂನು ಉಳಿಯಿತು. ಊರು ಬಿಡುತ್ತೇವೆ ಅಂದವರಲ್ಲಿ ಹೆಚ್ಚಿನವರು ಬಿಡಲಿಲ್ಲ. ಬಾಕಿ ಮುಳುಗುವುದು ತಪ್ಪಿದ್ದರಿಂದ ಡಾಕ್ಟರುಗಳ ವರಮಾನ ಇಳಿಯುವ ಬದಲು ಏರಿತು.

ಸೋತು ಗೆದ್ದವನು

ಇಷ್ಟಾದ ಮೇಲೆ ಡಗ್ಲಸ್‌ನನ್ನು ಜನ ಹೊತ್ತು ಮೆರೆಸಿರಬೇಕು ಅಂದುಕೊಂಡಿರಾ? ಇಲ್ಲ. 1962ರ ಜೂನಿನಲ್ಲಿ, ಗಲಾಟೆ ಕುದಿಯುತ್ತಿದ್ದಾಗಲೇ ನಡೆದ ಪಾರ್ಲಿಮೆಂಟ್ ಚುನಾವಣೆಯಲ್ಲಿ ಅದೇ ರೆಜೈನಾದ ಮತದಾರರು ಅವನನ್ನು ಭಾರಿ ಅಂತರದಿಂದ ಸೋಲಿಸಿದರು. ಬೇರೆ ಪ್ರಾಂತ್ಯದ ಉಪಚುನಾವಣೆಯಲ್ಲಿ ಗೆದ್ದು ಪಾರ್ಲಿಮೆಂಟಿಗೆ ಹೋಗಬೇಕಾಯಿತು. 1964ರಲ್ಲಿ ಲಾಯ್ಡ್ ಸರ್ಕಾರವೂ ಬಿತ್ತು.

ಇಲ್ಲೇ ಈ ಕಥೆಯ ಗುಟ್ಟು ಇರುವುದು. ಗೆದ್ದು ಬಂದ ಲಿಬರಲ್ ಪಕ್ಷದವರು ಡಗ್ಲಸ್‌ನ ಕಡು ವಿರೋಧಿಗಳು. ಆದರೂ ಆ ಕಾನೂನನ್ನು ಕಿತ್ತುಹಾಕಲಿಲ್ಲ. ಕಿತ್ತುಹಾಕಬೇಕಾದರೆ ಶಾಸನ ಸಭೆಯಲ್ಲಿ, ಎಲ್ಲರ ಕಣ್ಣೆದುರು, ನಿಮ್ಮ ಕಾರ್ಡನ್ನು ಕಸಿದುಕೊಳ್ಳುತ್ತೇವೆ ಅಂತ ಕೈ ಎತ್ತಬೇಕಿತ್ತು. ಎರಡು ವರ್ಷ ಬಿಲ್ಲಿಲ್ಲದೆ ಚಿಕಿತ್ಸೆ ಪಡೆದ ಜನರ ಮುಂದೆ ಆ ಧೈರ್ಯ ಯಾರಿಗಿದೆ?

ಅದೇ 1964ರಲ್ಲಿ ಸಸ್ಕ್ಯಾಚುವಾನಿನವರೇ ಆದ ನ್ಯಾಯಮೂರ್ತಿ ಎಮೆಟ್ ಹಾಲ್ ಅವರ ಆಯೋಗ, ಈ ವ್ಯವಸ್ಥೆ ಇಡೀ ದೇಶಕ್ಕೆ ಬೇಕು ಅಂತ ವರದಿ ಕೊಟ್ಟಿತು. ಆಯೋಗ ನೇಮಿಸಿದ್ದು ಕನ್ಸರ್ವೇಟಿವ್ ಸರ್ಕಾರ, 1966ರಲ್ಲಿ ಕಾನೂನು ಮಾಡಿದ್ದು ಲಿಬರಲ್ ಸರ್ಕಾರ, ಪಾರ್ಲಿಮೆಂಟಿನಲ್ಲಿ ಒತ್ತಾಯಿಸುತ್ತ ಕೂತದ್ದು ಡಗ್ಲಸ್‌ನ ಪಕ್ಷ. 1968ರ ಜುಲೈನಲ್ಲಿ ಅದು ಶುರುವಾಗಿ, 1972ರೊಳಗೆ ಎಲ್ಲ ಪ್ರಾಂತ್ಯಗಳೂ ಸೇರಿದವು. ಕೆಲವು ಡಾಕ್ಟರುಗಳು ವಿಮೆಯ ಮೇಲೆ ಕೈಯಿಂದಲೂ ಹಣ ಕೇಳುತ್ತಿದ್ದರು. ಅದಕ್ಕೆ ತಡೆ ಹಾಕುವ ಕೆನಡಾ ಆರೋಗ್ಯ ಕಾಯ್ದೆ 1984ರಲ್ಲಿ ಎಲ್ಲ ಪಕ್ಷಗಳ ಒಪ್ಪಿಗೆಯಿಂದ ಪಾಸಾಯಿತು. 1962ರಲ್ಲಿ ಬೀದಿಗೆ ಬಂದ ಜಗಳ 22 ವರ್ಷದಲ್ಲಿ ಒಂದೂ ಎದುರು ಮತವಿಲ್ಲದ ಕಾನೂನಾಯಿತು.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ತಜ್ಞರನ್ನು ಕಾಣಲು, ಮಂಡಿ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು ಅನ್ನುವ ಗೊಣಗಾಟ ಇಂದಿಗೂ ಇದೆ. ಹಲ್ಲು, ಕನ್ನಡಕ, ಅಂಗಡಿಯಲ್ಲಿ ಕೊಳ್ಳುವ ಮಾತ್ರೆ ಮೂಲ ಕಾನೂನಿನೊಳಗೆ ಬಂದಿರಲಿಲ್ಲ. ಸಕ್ಕರೆ ಕಾಯಿಲೆಯ ಔಷಧಿಯಿಂದ ಶುರು ಮಾಡುವ ಔಷಧಿ ಕಾನೂನು ಬಂದದ್ದೇ 2024ರಲ್ಲಿ. ಡಗ್ಲಸ್ ಹಚ್ಚಿದ ಕೆಲಸ ಇನ್ನೂ ಮುಗಿದಿಲ್ಲ.

ಡಗ್ಲಸ್ ಕೊನೆಯವರೆಗೂ ಪ್ರಧಾನಿಯಾಗಲಿಲ್ಲ, ಆಗುವ ಹತ್ತಿರಕ್ಕೂ ಬರಲಿಲ್ಲ. 1971ರಲ್ಲಿ ನಾಯಕತ್ವ ಬಿಟ್ಟ, 1979ರಲ್ಲಿ ಪಾರ್ಲಿಮೆಂಟ್ ಬಿಟ್ಟ. 1986ರ ಫೆಬ್ರವರಿ 24ರಂದು ಕ್ಯಾನ್ಸರಿನಿಂದ ತೀರಿಕೊಂಡ. 2004ರಲ್ಲಿ ಅಲ್ಲಿನ ಸಿಬಿಸಿ ಟೆಲಿವಿಷನ್ ಅತ್ಯಂತ ದೊಡ್ಡ ಕೆನಡಿಯನ್ ಯಾರು ಅಂತ ಜನರ ಮತ ಕೇಳಿತು. ಪ್ರಧಾನಿಗಳು, ವಿಜ್ಞಾನಿಗಳು, ಹಾಕಿ ಆಟಗಾರರನ್ನೆಲ್ಲ ಹಿಂದೆ ಹಾಕಿ ಈ ಸೋತ ಮನುಷ್ಯ ಮೊದಲು ಬಂದ. ಹಾಲಿವುಡ್ ಸಿನಿಮಾ ನೋಡುವ ಹುಡುಗರಿಗೆ ಇನ್ನೊಂದು ಸಂಗತಿ: ನಟ ಕೀಫರ್ ಸದರ್ಲೆಂಡ್ ಇವನ ಮಗಳ ಮಗ.

ಯೋಜನೆಯೋ, ಕಾನೂನೋ

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲೂ ಕೆಲಸ ಆಗಿಲ್ಲ ಅಂತ ಹೇಳಿದರೆ ಸುಳ್ಳಾದೀತು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಶುರುವಾಯಿತು. ಮೊದಲು ತಿಂಗಳಿಗೆ 5 ರೂಪಾಯಿ ಲೆಕ್ಕ. ಡಗ್ಲಸ್‌ನ ಐದು ಡಾಲರ್ ನೆನಪಾಗುತ್ತದಲ್ಲವೇ? ಲಕ್ಷಾಂತರ ರೈತರು ಸೇರಿದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕರಗಿಸಿದರು. 2022ರಲ್ಲಿ ಮತ್ತೆ ಬೇರೆಯಾಗಿ ತಂದರು. ಕರಗಿಸಿದ್ದು ಸರಿಯೋ ತಂದದ್ದು ಸರಿಯೋ, ಆ ವಾದ ಬೇರೆ. ಎರಡಕ್ಕೂ ಒಂದೊಂದು ಸರ್ಕಾರಿ ಆದೇಶ ಸಾಕಾಯಿತು ಅನ್ನುವುದು ಮುಖ್ಯ. ಯೋಜನೆ ಅಂದರೆ ಸರ್ಕಾರ ಕೊಟ್ಟ ಸೌಲಭ್ಯ. ಕಾನೂನು ಅಂದರೆ ನಿಮ್ಮ ಹಕ್ಕು. ಸೌಲಭ್ಯ ತಪ್ಪಿದರೆ ಅರ್ಜಿ ಹಾಕಿ ಕೈ ಮುಗಿಯಬೇಕು, ಹಕ್ಕು ತಪ್ಪಿದರೆ ಕೋರ್ಟಿನಲ್ಲಿ ಕೇಳಬಹುದು.

ಕಾನೂನು ಮಾಡಲು ದೆಹಲಿಯ ಅಪ್ಪಣೆಗೆ ಕಾಯಬೇಕಾ? ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ದವಾಖಾನೆಗಳು ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲೇ ಇವೆ. ರಾಜಸ್ಥಾನ 2023ರ ಮಾರ್ಚಿನಲ್ಲಿ ಆರೋಗ್ಯ ಹಕ್ಕಿನ ಕಾನೂನನ್ನು ಪಾಸು ಮಾಡಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕು ಅನ್ನುವುದು ಅದರ ಜೀವಾಳ. ಅಲ್ಲೂ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು, ಏಪ್ರಿಲ್ ಮೊದಲ ವಾರದಲ್ಲಿ ರಾಜಿಯಾಯಿತು, ಹಲವು ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ತಿದ್ದುಪಡಿ ಮಸೂದೆಗೆ ವಿರೋಧವಾಗಿ ಹೊರರೋಗಿ ವಿಭಾಗಗಳಿಗೆ ಬೀಗ ಬಿದ್ದದ್ದು, ರೋಗಿಗಳು ಬಸ್ಸಿಳಿದು ಬರಿಗೈಲಿ ಹಿಂದಿರುಗಿದ್ದು ಮರೆತಿಲ್ಲವಷ್ಟೇ? ಕಡೆಗೆ ಮೆತ್ತಗಾದ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು.

ಅಂದರೆ ಸಸ್ಕ್ಯಾಚುವಾನಿನ ಜಗಳ ನಮ್ಮ ಊರಿಗೆ ಹೊಸದೇನಲ್ಲ. ಅಲ್ಲಿನವರಿಂದ ಕಲಿಯಬೇಕಾದದ್ದು ಮೂರು. ಒಂದು, ಎಲ್ಲರೂ ಕಟ್ಟಬೇಕು, ಎಲ್ಲರಿಗೂ ಸಿಗಬೇಕು. ಎರಡು, ಡಾಕ್ಟರಿಗೆ ಹೊತ್ತಿಗೆ ಸರಿಯಾಗಿ ಹಣ ಸೇರಬೇಕು. ಸರ್ಕಾರ ಬಾಕಿ ಉಳಿಸಿಕೊಂಡರೆ ಯಾವ ಕಾರ್ಡೂ ನಡೆಯದು. ಮೂರು, ಅದು ಮಂತ್ರಿಯ ಫೋಟೋ ಇರುವ ಯೋಜನೆಯಾಗದೆ ಸದನದಲ್ಲಿ ಪಾಸಾದ ಕಾನೂನಾಗಬೇಕು. ಮಂತ್ರಿ ಬದಲಾದರೆ ಫೋಟೋ ಬದಲಾಗಲಿ, ಚಿಕಿತ್ಸೆ ಬದಲಾಗಬಾರದು.

ಮುಂದಿನ ಸಲ ವೋಟು ಕೇಳಲು ಬಂದವರು ಆಸ್ಪತ್ರೆಗೆ ಶಿಫಾರಸು ಪತ್ರ ಕೊಡುತ್ತೇನೆ ಅಂದರೆ ಒಂದು ಮಾತು ಕೇಳಿ. ಪತ್ರ ಬೇಡ ಸ್ವಾಮಿ, ಪತ್ರವೇ ಬೇಕಾಗದಂಥ ಕಾನೂನು ಯಾವಾಗ ತರ್ತೀರಿ?